ಒಂದೇ ದಿಕ್ಕಿನ ತಪ್ಪು

ಊರಿಗೆಲ್ಲ ಅವನು ಬೋರ್ಡಣ್ಣ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆ ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷ ಅಂಗಡಿಗಳ ಬೋರ್ಡು ಬರೆದ ಕೈ ಅದು. ಬೇಕರಿ, ಔಷಧದಂಗಡಿ, ಗ್ಯಾರೇಜು, ಕ್ಷೌರದಂಗಡಿ, ಯಾವ ಬೀದಿಗೆ ಹೋದರೂ ಅವನ ಅಕ್ಷರಗಳು ಅವನನ್ನು ನೋಡುತ್ತಿದ್ದವು. ಏಣಿಯ ಮೇಲೆ ನಿಂತು ಕುಂಚದಲ್ಲಿ ಒಂದು ಗೆರೆ ಎಳೆದರೆ ಕೆಳಗಿನವರು ದಾರ ಹಿಡಿದು ನೋಡಬೇಕಾಗಿರಲಿಲ್ಲ. ಸೊಟ್ಟಗಿರುವುದು ಅವನ ಕಣ್ಣಿಗೆ ಮುಳ್ಳು. ಯಾರ ಮನೆಗೇ ಹೋಗಲಿ, ಗೋಡೆಯ ಫೋಟೋ ವಾಲಿದ್ದರೆ ಅದನ್ನು ಸರಿಮಾಡಿಯೇ ಕೂರುವವನು. "ಮದುವೆ ಮಾತಾಡೋಕೆ ಬಂದ ದಿನ ನನ್ನ ಮುಖ ಸರಿಯಾಗಿ ನೋಡ್ಲಿಲ್ಲ. ಗಡಿಯಾರ ವಾಲಿದೆ ಅಂತ ಸ್ಟೂಲು ಕೇಳಿದ್ರು," ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಆಮೇಲೆ ಯಂತ್ರದಲ್ಲಿ ಅಚ್ಚು ಹಾಕುವ ಪ್ಲಾಸ್ಟಿಕ್ ಬೋರ್ಡು ಬಂತು. ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಸಿದ್ಧ. ಎರಡು ವರ್ಷದಲ್ಲಿ ಅವನ ಕುಂಚಗಳು ಡಬ್ಬಿಯಲ್ಲೇ ಒಣಗಿ ಕಡ್ಡಿಯಾದವು. ಐವತ್ತೆರಡನೇ ವಯಸ್ಸಿನಲ್ಲಿ ಅವನು ವಿಳಾಸ ಕಚೇರಿಗೆ ಸೇರಿದ. ಮನೆಮನೆಯ ಬಾಗಿಲಿನ ಪಕ್ಕ ವಿಳಾಸದ ಫಲಕ ಹೊಡೆಯುವ ಕೆಲಸ. ಯಾರೂ ಅವನನ್ನು ಕರೆದಿರಲಿಲ್ಲ, ತಾನೇ ಹೋಗಿ ಕೇಳಿಕೊಂಡಿದ್ದ. ಅದಕ್ಕೊಂದು ಕಾರಣವಿತ್ತು.

ಊರಿನ ನಡುವೆ ಒಂದು ಗುಡ್ಡ. ಅದರ ಒಂದು ಮಗ್ಗುಲಿಗೆ ಹನ್ನೆರಡು ಸಾಲು ಮನೆಗಳು, ಒಂದರ ಹೆಗಲ ಮೇಲೆ ಇನ್ನೊಂದು ಕೂತ ಹಾಗೆ. ಆರನೇ ಸಾಲಿನವರ ತಾರಸಿಯೇ ಏಳನೇ ಸಾಲಿನವರ ಅಂಗಳ. ರಸ್ತೆ ಅಂತ ಇರುವುದು ಬುಡದಲ್ಲಿ ಒಂದೇ. ಮೇಲಕ್ಕೆಲ್ಲ ಮೆಟ್ಟಿಲು, ಮನೆಗಳ ಬಾಗಿಲೂ ಮೆಟ್ಟಿಲ ಕಡೆಗೇ. ಅಲ್ಲಿನವರು ವಿಳಾಸ ಹೇಳುತ್ತಿದ್ದ ರೀತಿ ಹೀಗೆ: "ಮೂರನೇ ನಲ್ಲಿಯ ಎಡಕ್ಕೆ, ನೀಲಿ ಬಾಗಿಲಿನ ಮೇಲಿನ ಮನೆ, ನಾಯಿ ಇದೆ, ಹುಷಾರು." ನಾಯಿ ಸತ್ತು ಎಂಟು ವರ್ಷವಾದರೂ ವಿಳಾಸದಲ್ಲಿ ಅದು ಬದುಕಿತ್ತು.

ಬೋರ್ಡಣ್ಣನ ಅಕ್ಕ ಇದ್ದದ್ದು ಅಲ್ಲೇ, ಏಳನೇ ಸಾಲಿನಲ್ಲಿ. ಇಸ್ತ್ರಿ ಮಾಡುವವಳು. ಅವಳ ಗಂಡ, ಇವನ ಭಾವ, ಬಸ್ಸಿನ ಚಾಲಕನಾಗಿದ್ದವನು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೇ ಭಾವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಫೋನು ಮಾಡಿದ ಎಂಟೇ ನಿಮಿಷಕ್ಕೆ ಆಂಬುಲೆನ್ಸು ಗುಡ್ಡದ ಬುಡಕ್ಕೆ ಬಂತು. ಬಂದವರು ಸ್ಟ್ರೆಚರ್ ಹಿಡಿದು ನಲವತ್ತು ನಿಮಿಷ ಮೆಟ್ಟಿಲು ಹತ್ತಿದರು, ಇಳಿದರು, ಸಿಕ್ಕಸಿಕ್ಕವರನ್ನು ಕೇಳಿದರು, ತಪ್ಪು ಮನೆಯ ಬಾಗಿಲು ಬಡಿದರು. ಭಾವ ಉಳಿದುಕೊಂಡ. ಆದರೆ ಎಡಗೈ, ಎಡಗಾಲು ಕೊರಡಾದವು. "ಅರ್ಧ ಗಂಟೆ ಮೊದಲು ಬಂದಿದ್ದರೆ," ಎಂದು ಶುರುಮಾಡಿದ ಡಾಕ್ಟರು ಅಕ್ಕನ ಮುಖ ನೋಡಿ ಮಾತು ನಿಲ್ಲಿಸಿದರು. ಆ ಅರ್ಧ ಗಂಟೆ ಬೋರ್ಡಣ್ಣನ ಎದೆಯಲ್ಲಿ ಕೂತುಬಿಟ್ಟಿತು.

ಹಾಗಾಗಿ ಊರಿನ ಪ್ರತಿ ಬಾಗಿಲಿಗೂ ಅದರದ್ದೇ ಆದ ವಿಳಾಸ ಬರುತ್ತದೆ ಎಂದು ಕಚೇರಿಯವರು ಸಾರಿದಾಗ ಅವನು ಎರಡನೇ ಮಾತಾಡದೆ ಹೋಗಿ ಸೇರಿಕೊಂಡ. ಕೆಲಸ ನಡೆಯುತ್ತಿದ್ದುದು ಹೀಗೆ. ಅಳತೆಯ ತಂಡದವರು ಬೆನ್ನಿಗೆ ಒಂದು ಯಂತ್ರ ಕಟ್ಟಿಕೊಂಡು ಓಣಿ ಓಣಿ ನಡೆಯುವರು. ಅದು ಸುತ್ತಲೂ ಬೆಳಕಿನ ಕಿರಣ ಎರಚಿ, ಯಾವ ಗೋಡೆ ಎಷ್ಟು ದೂರ, ಯಾವ ಮೆಟ್ಟಿಲು ಎಷ್ಟು ಎತ್ತರ ಎಂದು ಅಳೆದುಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಇಡೀ ಗುಡ್ಡ ಕೋಟಿಗಟ್ಟಲೆ ಚುಕ್ಕಿಗಳಾಗಿ ನಿಂತಿರುತ್ತಿತ್ತು. ಬೇಕಾದ ಕಡೆಗೆ ತಿರುಗಿಸಿ, ಮೇಲಿನಿಂದಲೋ ಪಕ್ಕದಿಂದಲೋ ನೋಡಬಹುದು. ಅದರಿಂದ ಪ್ರತಿ ಬಾಗಿಲಿಗೆ ಹತ್ತು ಅಕ್ಷರ-ಅಂಕಿಗಳ ಒಂದು ಸಂಕೇತ. ಮೊದಲ ಏಳು ನೆಲದ ಮೇಲಿನ ಜಾಗ ಹೇಳುತ್ತಿದ್ದವು, ಕೊನೆಯ ಮೂರು ಎತ್ತರ. ಒಂದರ ಮೇಲೊಂದು ಕೂತ ಮನೆಗಳಿಗೂ ಬೇರೆ ಬೇರೆ ವಿಳಾಸ. ಫೋನಿನಲ್ಲಿ ಸಂಕೇತ ಒತ್ತಿದರೆ ಅದು ಕೈ ಹಿಡಿದು ಆ ಬಾಗಿಲ ಎದುರಿಗೇ ತಂದು ನಿಲ್ಲಿಸುತ್ತಿತ್ತು, ಪಕ್ಕದ್ದಕ್ಕಲ್ಲ.

ಅವನ ಮಗಳೂ ಅದೇ ಕಚೇರಿಯಲ್ಲಿದ್ದಳು, ಮೂರನೇ ಮಹಡಿಯಲ್ಲಿ. ಮನೆಯಲ್ಲಿ ಅವಳು ಪುಟ್ಟಿ. ಇಪ್ಪತ್ತಾರು ವರ್ಷದ, ಅಪ್ಪನಿಗಿಂತ ಒಂದು ಗೇಣು ಎತ್ತರದ ಪುಟ್ಟಿ. ಬೇರೆ ಬೇರೆ ದಿನ ಅಳೆದು ತಂದ ಚುಕ್ಕಿಗಳನ್ನು ಒಂದಕ್ಕೊಂದು ಹೊಂದಿಸಿ ಒಂದೇ ನಕ್ಷೆ ಮಾಡುವುದು ಅವಳ ಪಾಲಿನ ಕೆಲಸ. "ಅತ್ತೆ ಬಟ್ಟೆ ಸುಕ್ಕು ತೆಗೀತಾರೆ, ನಾನು ಊರಿನ ಸುಕ್ಕು ತೆಗೀತೀನಿ," ಎನ್ನುತ್ತಿದ್ದಳು.

ಗುಡ್ಡದ ಮೇಲೆ ಬೋರ್ಡಣ್ಣ ಹೊಡೆದದ್ದು ಆರುನೂರ ನಲವತ್ತು ಫಲಕ. ಅಂಗೈಯಗಲದ ಅಲ್ಯೂಮಿನಿಯಂ ತಗಡು, ನಾಲ್ಕು ಸ್ಕ್ರೂ. ಕಚೇರಿಯವರಿಗೆ ಫಲಕ ಗೋಡೆಗೆ ಅಂಟಿದ್ದರೆ ಸಾಕು. ಇವನು ಮಾತ್ರ ಪ್ರತಿಯೊಂದರ ಮೇಲೂ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಅಲುಗಾಡದೆ ನಿಂತ ಮೇಲೇ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ.

ಅಕ್ಕನ ಮನೆಗೆ ಹೊಡೆದ ದಿನ ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ನೋಡಿದಳು.

"ಇದೇನೋ, ಲಾಟರಿ ನಂಬರ್ ಥರ ಇದೆ?"

"ಲಾಟರಿನೇ ಅಂದ್ಕೋ ಅಕ್ಕಾ. ಇನ್ಮೇಲೆ ಆಂಬುಲೆನ್ಸಿನವರು ಯಾರನ್ನೂ ಕೇಳೋ ಹಾಗಿಲ್ಲ. ಈ ನಂಬರ್ ಒತ್ತಿದ್ರೆ ನೇರ ಈ ಬಾಗಿಲಿಗೆ."

ಒಳಗೆ ಮಂಚದ ಮೇಲಿದ್ದ ಭಾವ ಅರ್ಧ ಬಾಯಲ್ಲಿ ನಕ್ಕ. "ಈಗ ಬಂತಾ," ಎಂದ. ಅಷ್ಟು ಹೇಳಲು ಅವನಿಗೆ ಒಂದು ನಿಮಿಷ ಹಿಡಿಯಿತು.

ಮೊದಲ ವರ್ಷ ಎಲ್ಲರೂ ಹೊಗಳಿದವರೇ. ಹತ್ತನೇ ಸಾಲಿನ ಬಸುರಿಯನ್ನು ಹನ್ನೊಂದು ನಿಮಿಷದಲ್ಲಿ ಕೆಳಗಿಳಿಸಿದರು. ಎರಡನೇ ಸಾಲಿನಲ್ಲಿ ಬೆಂಕಿ ಬಿದ್ದಾಗ ನೀರಿನ ಪೈಪು ಸರಿಯಾದ ಕಿಟಕಿಗೇ ಹೋಯಿತು. ಬೋರ್ಡಣ್ಣ ಮೆಟ್ಟಿಲು ಹತ್ತುವಾಗ ಜನ ಕುರ್ಚಿ ಹಾಕಿ ಕೂರಿಸುತ್ತಿದ್ದರು.

ಹದಿನಾಲ್ಕು ತಿಂಗಳ ಮೇಲೆ ಎರಡನೇ ಸುತ್ತು ಶುರುವಾಯಿತು. ಅಳತೆಯವರು ಗುಡ್ಡವನ್ನು ಮತ್ತೊಮ್ಮೆ ಅಳೆದರು. ಬೋರ್ಡಣ್ಣ ಅವರ ಹಿಂದೆಯೇ ಹೋಗಿ, ಫಲಕಗಳು ಗಟ್ಟಿಯಾಗಿವೆಯೇ, ಜಾಗ ಹೊಂದುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆಂದು ಫೋನಿನಂಥ ಒಂದು ಕೈಯಂತ್ರ ಕೊಟ್ಟಿದ್ದರು. ಫಲಕಕ್ಕೆ ಹಿಡಿದರೆ ಜಾಗ ಹಳೆಯ ಅಳತೆಗೆ ಹೊಂದಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು.

ಕೆಳಗಿನ ಆರು ಸಾಲು ಹಸಿರಾಗಿ ಕಳೆದವು. ಏಳನೇ ಸಾಲಿನ ಮೊದಲ ಮನೆಯ ಮುಂದೆ ನಿಂತಾಗ ಯಂತ್ರ ಹಿಡಿಯುವ ಮೊದಲೇ ಅವನ ಕಣ್ಣಿಗೆ ಏನೋ ಚುಚ್ಚಿತು. ಫಲಕ ವಾಲಿತ್ತು. ಬೇರೆಯವರಿಗೆ ಕಾಣುವಷ್ಟಲ್ಲ, ಕೂದಲೆಳೆಯಷ್ಟು. ರಸಮಟ್ಟ ಇಟ್ಟ. ಗುಳ್ಳೆ ಗೆರೆ ದಾಟಿ ಗುಡ್ಡದ ತುದಿಯ ಕಡೆಗೆ ಸರಿದಿತ್ತು. ಅಂದರೆ ಕಣಿವೆಯ ಕಡೆಯ ಮೂಲೆ ಇಳಿದಿದೆ. ರಸಮಟ್ಟವೇ ಕೆಟ್ಟಿರಬೇಕು ಎಂದು ತಿರುಗಿಸಿ ಇಟ್ಟು ನೋಡಿದ. ಗುಳ್ಳೆ ಮತ್ತೆ ಅದೇ ಕಡೆಗೇ ಹೋಯಿತು. ಕೈಯಂತ್ರ ಹಿಡಿದ. ಕೆಂಪು. ನಾಲ್ಕು ಸೆಂಟಿಮೀಟರ್.

ಆ ದಿನ ಏಳು, ಎಂಟು, ಒಂಬತ್ತನೇ ಸಾಲುಗಳಲ್ಲಿ ಮೂವತ್ತೊಂದು ಮನೆ ನೋಡಿದ. ಇಪ್ಪತ್ತಾರರಲ್ಲಿ ಕೆಂಪು. ನನ್ನ ಕೈಗೆ ವಯಸ್ಸಾಯಿತೇ ಎಂದು ಮೊದಲು ಅವನು ತನ್ನನ್ನೇ ಬೈದುಕೊಂಡ. ಮನೆಗೆ ಬಂದು ಊಟದ ಮುಂದೆ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಇಪ್ಪತ್ತಾರು ಫಲಕವನ್ನು ತಾನು ಸೊಟ್ಟ ಹೊಡೆದಿರಲು ಸಾಧ್ಯವಿಲ್ಲ ಎಂದು ಅವನ ಒಳಗಿನ ಬೋರ್ಡು ಬರೆಯುವವನು ಹೇಳುತ್ತಿದ್ದ.

ಮುಂದಿನ ಸೋಮವಾರ ಕೈಯಂತ್ರಗಳನ್ನೆಲ್ಲ ಕಚೇರಿಯಲ್ಲಿ ಒಂದು ಗಂಟೆ ಇಟ್ಟುಕೊಂಡು, ಒಳಗಿನದನ್ನು ಹೊಸದು ಮಾಡಿ ಮರಳಿಸಿದರು. ಅವನು ಮತ್ತೆ ಏಳನೇ ಸಾಲಿಗೆ ಹೋದ. ಮೊದಲ ಮನೆ, ಹಸಿರು. ಎರಡನೆಯದು, ಹಸಿರು. ಇಪ್ಪತ್ತಾರೂ ಹಸಿರು. ಕಣ್ಣೆದುರಿಗೆ ಫಲಕ ವಾಲಿಕೊಂಡೇ ಇತ್ತು, ಅದರ ಮೇಲೆ ಹಸಿರು ಬೆಳಕು ಬೀಳುತ್ತಿತ್ತು.

ಸಂಜೆ ಮಗಳನ್ನು ಕೇಳಿದ.

"ಮಿತಿ ಹೆಚ್ಚಿಸಿದ್ದಾರಪ್ಪ," ಅಂದಳು ಅವಳು. "ತುಂಬಾ ಕೆಂಪು ಬರ್ತಿತ್ತು ಅಂತ. ಈಗ ಹತ್ತು ಸೆಂಟಿಮೀಟರ್ ಒಳಗಿದ್ರೆ ಯಂತ್ರದ್ದೇ ತಪ್ಪು ಅಂತ ತಿಳ್ಕೊಂಡು ಹೊಸ ಅಳತೆನ ಹಳೇದಕ್ಕೆ ಹೊಂದಿಸಿಬಿಡುತ್ತೆ."

"ಯಂತ್ರ ತಪ್ಪು ಮಾಡುತ್ತಾ ಹಾಗಾದ್ರೆ?"

"ಮಾಡುತ್ತೆ. ಎರಡು ಮೂರು ಸೆಂಟಿಮೀಟರ್ ಯಾವಾಗ್ಲೂ ಇರುತ್ತೆ."

"ಮಾಡಿದ್ರೆ ಒಂದು ಮನೆ ಈ ಕಡೆ, ಒಂದು ಮನೆ ಆ ಕಡೆ ಹೋಗ್ಬೇಕು ತಾನೇ ಪುಟ್ಟಿ? ಒಂದು ಮೇಲೆ, ಒಂದು ಕೆಳಗೆ. ಇಷ್ಟು ತಪ್ಪೂ ಒಂದೇ ಕಡೆಗೆ ಹೇಗೆ ವಾಲುತ್ತೆ?"

ಅವಳು ಬಾಯಿಗೆ ಇಡಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಅಪ್ಪನನ್ನು ಮೂರನೇ ಮಹಡಿಗೆ ಕರೆಸಿಕೊಂಡಳು. ಸಾಲು ಸಾಲು ಖಾಲಿ ಕುರ್ಚಿಗಳು, ಯಾರೋ ಬಿಟ್ಟುಹೋದ ಸ್ವೆಟರು, ಫ್ಯಾನಿನ ಸದ್ದು. ಪರದೆಯ ಮೇಲೆ ಬೂದುಬಣ್ಣದ ಗುಡ್ಡ. ಅವಳು ಹೊಂದಿಸುವ ಕೆಲಸವನ್ನು ನಿಲ್ಲಿಸಿ, ಪ್ರತಿ ಬಾಗಿಲಿನ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಒಂದು ಬಾಣ ಎಳೆಯುವಂತೆ ಕಂಪ್ಯೂಟರಿಗೆ ಹೇಳಿದಳು. ಬಾಣಗಳು ಕೆಳಗಿನಿಂದ ಒಂದೊಂದಾಗಿ ಮೂಡತೊಡಗಿದವು. ಮೊದಲ ನಾಲ್ಕು ಸಾಲಿನವು ಚಿಕ್ಕವು, ಚೆಲ್ಲಿದ ಕಡ್ಡಿಗಳ ಹಾಗೆ ಮನಸ್ಸಿಗೆ ಬಂದ ಕಡೆಗೆ ತಿರುಗಿದ್ದವು. ಐದನೇ ಸಾಲಿನಿಂದ ಅವು ಒಂದೇ ಕಡೆಗೆ ಮುಖ ಮಾಡತೊಡಗಿದವು. ಏಳರಿಂದ ಒಂಬತ್ತರವರೆಗಿನವು ಬಾಚಿದ ಕೂದಲಿನ ಹಾಗೆ ಒತ್ತಾಗಿ, ಉದ್ದಕ್ಕೆ, ಕಣಿವೆಯ ಕಡೆಗೆ. ಹತ್ತನೇ ಸಾಲಿನಲ್ಲಿ ಥಟ್ಟನೆ ಏನೂ ಇಲ್ಲ. ಅಲ್ಲಿಂದ ಮೇಲಿನ ಗುಡ್ಡ ನಿಂತಲ್ಲೇ ನಿಂತಿತ್ತು.

"ಒಂಬತ್ತಕ್ಕೂ ಹತ್ತಕ್ಕೂ ಮಧ್ಯೆ ಏನೋ ಬಿಟ್ಕೊಳ್ತಿದೆ," ಅಂದಳು. "ಅಪ್ಪಾ, ಈ ಮೂರು ಸಾಲು ಹೊಂದಿಸಿದ್ದು ನಾನೇ. ಹೋದ ತಿಂಗಳು ಪೂರ್ತಿ ಇದನ್ನೇ ಮಾಡ್ದೆ. ಚೆನ್ನಾಗಿ ಕೂತಿದೆ ಅಂತ ಸಾಹೇಬ್ರು ಹೊಗಳಿದ್ರು."

ಇಬ್ಬರೂ ಸಾಹೇಬರ ಕೋಣೆಗೆ ಹೋದರು. ಕಚೇರಿಯ ಮುಖ್ಯಸ್ಥರು ಕೆಟ್ಟವರಲ್ಲ. ಬೋರ್ಡಣ್ಣನಿಗೆ ಕೂರಲು ಹೇಳಿ, ತಾವೇ ನೀರು ಬಗ್ಗಿಸಿ ಕೊಟ್ಟರು. ಬಾಣಗಳನ್ನು ತುಂಬಾ ಹೊತ್ತು ನೋಡಿದರು.

"ನೋಡಮ್ಮಾ, ವಿಳಾಸ ಅಂದ್ರೆ ಕದಲದೇ ಇರೋದು. ಆಸ್ಪತ್ರೆ, ಅಗ್ನಿಶಾಮಕ, ಪೊಲೀಸು, ಎಲ್ಲರೂ ಈ ನಕ್ಷೆ ನಂಬ್ಕೊಂಡಿದ್ದಾರೆ. ಅದು ತಪ್ಪು ಅಂತ ನಾವೇ ಹೇಳಿದ್ರೆ ನಾಳೆ ಯಾರು ನಂಬ್ತಾರೆ?"

"ನಕ್ಷೆ ತಪ್ಪು ಅಂತಿಲ್ಲ ಸಾರ್," ಅಂದ ಬೋರ್ಡಣ್ಣ. "ನಕ್ಷೆ ಸರಿಯಾಗೇ ಇದೆ. ಗುಡ್ಡ ಜಾರ್ತಿದೆ."

"ಅದನ್ನ ಹೇಳೋಕೆ ಬೇರೆ ಇಲಾಖೆ ಇದೆಯಪ್ಪ. ನಾನು ಇವತ್ತೇ ಬರೀತೀನಿ. ಅಲ್ಲೀವರೆಗೆ ನೀವಿಬ್ಬರೂ ಇದನ್ನ ಹೊರಗಡೆ ಆಡ್ಬೇಡಿ. ಜನ ಸುಮ್ಮನೆ ಹೆದರ್ತಾರೆ."

ಅವರು ನಿಜವಾಗಿಯೂ ಅವತ್ತೇ ಬರೆದರು. ಆ ಪತ್ರ ಆಮೇಲೆ ತನಿಖೆಯಲ್ಲಿ ಹೊರಬಂತು. ಮೂಲೆಯಲ್ಲಿ 'ತುರ್ತಲ್ಲ' ಎಂದು ಗುರುತು ಹಾಕಿತ್ತು.

ಬೋರ್ಡಣ್ಣ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದ. ನಾಲ್ಕನೆಯ ದಿನ ಕೈಚೀಲದಲ್ಲಿ ರಸಮಟ್ಟ ಹಾಕಿಕೊಂಡು ಗುಡ್ಡ ಹತ್ತಿದ. ಏಳರಿಂದ ಒಂಬತ್ತರವರೆಗೆ ಅರವತ್ತೊಂದು ಮನೆಗಳಲ್ಲಿ ಸಂಸಾರವಿತ್ತು. ಒಂದೊಂದೇ ಬಾಗಿಲು ತಟ್ಟಿ, ಫಲಕದ ಮೇಲೆ ರಸಮಟ್ಟ ಇಟ್ಟು ತೋರಿಸಿ, ಸ್ವಲ್ಪ ದಿನ ಬೇರೆಲ್ಲಾದರೂ ಇರಿ ಎಂದು ಹೇಳಿದ.

ಎಂಟನೇ ಸಾಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು, ಗಣಿತದವರು. ಇಡೀ ಗುಡ್ಡ ಅವರ ಮಾತಿಗೆ ಬೆಲೆ ಕೊಡುತ್ತಿತ್ತು. ಅವರು ಹೆಬ್ಬೆರಳು ತೋರುಬೆರಳುಗಳನ್ನು ಒಂದಿಷ್ಟು ಅಗಲಿಸಿ ಹಿಡಿದರು.

"ನಾಲ್ಕು ಸೆಂಟಿಮೀಟರ್ ಅಂದ್ರೆ ಇಷ್ಟು. ಇಷ್ಟಕ್ಕೆ ನಲವತ್ತು ವರ್ಷ ಬಾಳಿದ ಮನೆ ಬಿಟ್ಟು ಹೋಗ್ಬೇಕೇನಯ್ಯಾ?"

"ಒಂದು ವರ್ಷದಲ್ಲಿ ಇಷ್ಟು ಮೇಷ್ಟ್ರೇ."

"ಸರಿ. ಹಾಗಾದ್ರೆ ನಮ್ಮನೆ ರಸ್ತೆಗೆ ಇಳಿಯೋಕೆ ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಒಳ್ಳೇದೇ ಆಯ್ತು, ಮೆಟ್ಟಿಲು ಹತ್ತೋದು ತಪ್ಪುತ್ತೆ!"

ಸುತ್ತ ನಿಂತವರೆಲ್ಲ ಗೊಳ್ಳೆಂದರು. ಮೇಷ್ಟ್ರ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಗುಂಪಿನಲ್ಲಿ ಇನ್ನೊಬ್ಬ, "ತಾನೇ ಸೊಟ್ಟ ಹೊಡೆದು ಈಗ ಗುಡ್ಡದ ಮೇಲೆ ಹಾಕ್ತಾನೆ," ಅಂದ. ಅದು ಬೋರ್ಡಣ್ಣನಿಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಅವನು ಅಲ್ಲಿಂದ ಕದಲಲಿಲ್ಲ. ಮುಂದಿನ ಬಾಗಿಲು ತಟ್ಟಿದ.

ಎಲ್ಲರೂ ನಗಲಿಲ್ಲ. ಒಂಬತ್ತನೇ ಸಾಲಿನ ಹೆಂಗಸೊಬ್ಬಳು ಅವನ ಮಾತು ಮುಗಿಯುವ ಮೊದಲೇ, "ಮೂರು ತಿಂಗಳಿಂದ ಬಾಗಿಲು ಕಚ್ಕೊಳ್ತಿದೆ. ಬಡಗಿ ಬಂದು ಎರಡು ಸಲ ಉಜ್ಜಿದ," ಅಂದಳು. ಇನ್ನೊಬ್ಬರ ಮನೆಯಲ್ಲಿ ನೆಲದ ಮೇಲೆ ಚೆಂಡು ತಾನಾಗಿಯೇ ಉರುಳುತ್ತಿತ್ತಂತೆ, ಮಕ್ಕಳಿಗೆ ಅದೇ ಒಂದು ಆಟವಾಗಿತ್ತಂತೆ. ಹೀಗೆ ಏನಾದರೊಂದು ಕಂಡಿದ್ದವರು, ಹೇಳಲು ನಾಚಿಕೊಂಡಿದ್ದವರು, ಗಂಟುಮೂಟೆ ಕಟ್ಟಿದರು. ಅರವತ್ತೊಂದರಲ್ಲಿ ಹತ್ತೊಂಬತ್ತು ಸಂಸಾರ ಇಳಿದವು.

ಅಕ್ಕ ಸೊಪ್ಪು ಹಾಕಲಿಲ್ಲ. "ನಲವತ್ತು ಮನೆ ಬಟ್ಟೆ ಇಲ್ಲಿಗೆ ಬರುತ್ತೆ. ನಿನ್ನ ಮನೆ ಹಜಾರದಲ್ಲಿ ಮೇಜು ಹಾಕಿದ್ರೆ ನಿನ್ನ ಹೆಂಡ್ತಿ ನನ್ನ ತಲೆ ಮೇಲೆ ಇಸ್ತ್ರಿಪೆಟ್ಟಿಗೆ ಇಡ್ತಾಳೆ."

"ಅಕ್ಕಾ, ತಮಾಷೆ ಅಲ್ಲ."

"ನಂಗೂ ಗೊತ್ತು ಕಣೋ ತಮಾಷೆ ಅಲ್ಲ ಅಂತ." ಅವಳು ಅಂಗಿಯ ಕಾಲರು ಮಡಚಿಟ್ಟಳು. "ಒಂದು ಕೆಲಸ ಮಾಡು. ಇವರನ್ನ ಕರ್ಕೊಂಡು ಹೋಗು. ಇವರಿಗೆ ಓಡೋಕಾಗಲ್ಲ. ನಂಗೆ ಕಾಲಿದೆ. ಹಗಲು ಇಲ್ಲಿ ಕೆಲಸ ಮುಗಿಸಿ ಸಾಯಂಕಾಲ ಅಲ್ಲಿಗೆ ಬರ್ತೀನಿ."

ಭಾವನನ್ನು ಕುರ್ಚಿಗೆ ಕಟ್ಟಿ, ನಾಲ್ಕು ಜನ ಹಿಡಿದು, ಏಳು ಸಾಲಿನ ಮೆಟ್ಟಿಲು ಇಳಿಸಿದರು. ಅವನು ಕೊನೆಯವರೆಗೂ ಕತ್ತು ತಿರುಗಿಸಿ ಮೇಲಕ್ಕೇ ನೋಡುತ್ತಿದ್ದ.

ಮಳೆ ಹಿಡಿದದ್ದು ಆಮೇಲೆ ಹತ್ತು ದಿನಕ್ಕೆ. ಜೋರು ಮಳೆಯೇನಲ್ಲ, ಬಿಡದೆ ಸುರಿಯುವಂಥದ್ದು. ಬುಧವಾರ ಬೆಳಿಗ್ಗೆ ಬೋರ್ಡಣ್ಣ ಮತ್ತೆ ಹತ್ತಿದ. ಒಂಬತ್ತನೇ ಸಾಲಿನ ಎರಡು ಮೆಟ್ಟಿಲುಗಳ ಸಂದಿನಿಂದ ನೀರು ಬರುತ್ತಿತ್ತು. ಅಲ್ಲಿ ಚರಂಡಿ ಇರಲಿಲ್ಲ, ಪೈಪೂ ಇರಲಿಲ್ಲ. ನೀರು ಕೆಂಪಗೆ, ಬೆಚ್ಚಗಿನ ಮಣ್ಣಿನ ವಾಸನೆಯೊಂದಿಗೆ, ಸದ್ದಿಲ್ಲದೆ ಒಸರುತ್ತಿತ್ತು. ಅವನು ಅಕ್ಕನ ಮನೆಗೆ ಓಡಿದ. ಅವಳು ಮೇಜಿನ ಮುಂದೆ ನಿಂತಿದ್ದಳು. ಮಳೆಗೆ ಒಣಗದ ಬಟ್ಟೆಗಳನ್ನೆಲ್ಲ ಜನ ಇಸ್ತ್ರಿಗೆ ತಂದು ಹಾಕಿದ್ದರು.

"ನಾಳೆ ಮಧ್ಯಾಹ್ನಕ್ಕೆ ಇವಷ್ಟೂ ಮುಗಿಯುತ್ತೆ. ಆಮೇಲೆ ಬೀಗ ಹಾಕ್ತೀನಿ. ನಿನ್ನಾಣೆ," ಅಂದಳು.

ಗುರುವಾರ ಹನ್ನೊಂದು ಗಂಟೆಗೆ ಬೋರ್ಡಣ್ಣ ಕಚೇರಿಯ ಹಿಂದಿನ ಗೋದಾಮಿನಲ್ಲಿ ಸ್ಕ್ರೂ ಎಣಿಸಿಕೊಳ್ಳುತ್ತಿದ್ದ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು ಬಂತು. ಲಾರಿ ಖಾಲಿಯಾದ ಮೇಲೆ ಸದ್ದು ನಿಲ್ಲಬೇಕು. ಇದು ನಿಲ್ಲಲಿಲ್ಲ.

ಅವನು ಗುಡ್ಡದ ಬುಡ ತಲುಪುವಷ್ಟರಲ್ಲಿ ರಕ್ಷಣಾ ತಂಡ ಬಂದಿತ್ತು. ಒಂಬತ್ತನೇ ಸಾಲಿನ ಮೇಲ್ಗಡೆ ಗುಡ್ಡ ಚಾಕುವಿನಿಂದ ಕೊಯ್ದ ಹಾಗಿತ್ತು. ಅದರ ಕೆಳಗೆ ಮೂರು ಸಾಲು ಇರಲಿಲ್ಲ. ಮಣ್ಣು, ಕಂಬಿ, ಒಂದು ಕಿಟಕಿ, ಮತ್ತೆ ಮಣ್ಣು. ತಂಡದವರು ಹೆದರಿರಲಿಲ್ಲ, ಗಾಬರಿಯಾಗಿರಲಿಲ್ಲ. ಅವರ ಕೈಯಲ್ಲಿ ಕಾಣೆಯಾದವರ ಪಟ್ಟಿ ಇತ್ತು, ಪ್ರತಿ ಹೆಸರಿನ ಮುಂದೆ ಹತ್ತು ಅಕ್ಷರದ ಸಂಕೇತ. ಒತ್ತಿದರು, ನಡೆದರು, ಯಂತ್ರ "ತಲುಪಿದ್ದೀರಿ" ಅಂದ ಕಡೆ ನಿಂತರು. ಅಕ್ಕನ ಬಾಗಿಲು ಅವರು ನಿಂತ ಜಾಗದಿಂದ ಎರಡು ಮೀಟರ್ ಕೆಳಗಿದೆ ಎಂದು ಅದು ತೋರಿಸಿತು. ಹನ್ನೆರಡು ಜನ ಅಗೆಯತೊಡಗಿದರು.

"ಇಲ್ಲಲ್ಲ ಸಾರ್!" ಬೋರ್ಡಣ್ಣ ಮಣ್ಣಿನಲ್ಲಿ ಏಳುತ್ತ ಬೀಳುತ್ತ ಓಡಿಬಂದ. "ಮನೆ ಇಲ್ಲಿಲ್ಲ. ಜಾರಿ ಕೆಳಗೆ ಹೋಗಿದೆ."

ತಂಡದ ನಾಯಕ ಅವನ ಹೆಗಲು ಹಿಡಿದು ಪಕ್ಕಕ್ಕೆ ನಿಲ್ಲಿಸಿದ. "ಯಜಮಾನ್ರೇ, ಜಾಗ ಬಿಡಿ. ಒಂದೊಂದು ನಿಮಿಷವೂ ಮುಖ್ಯ. ವಿಳಾಸ ಇದೇ."

"ವಿಳಾಸ ಇದೇ ಸಾರ್, ನಾನೇ ಹೊಡೆದಿದ್ದು. ಆದರೆ ಈ ಗೋಡೆ ಚೂರು ನೋಡಿ, ಹಳದಿ. ಏಳನೇ ಸಾಲಲ್ಲಿ ಹಳದಿ ಗೋಡೆನೇ ಇಲ್ಲ. ಇದು ಒಂಬತ್ತನೇ ಸಾಲಿನ ಕೊನೇ ಮನೆ. ಮೇಲಿಂದು ಇಲ್ಲಿಗೆ ಬಂದಿದೆ, ಇಲ್ಲಿದ್ದಿದ್ದು ಇನ್ನೂ ಕೆಳಗೆ ಹೋಗಿದೆ!"

ನಾಯಕನಿಗೆ ಅಂಥ ಕೂಗಾಟ ಹೊಸದಲ್ಲ. ಬಂಧುಗಳು ಎಲ್ಲ ಕಡೆಯೂ ಹೀಗೆಯೇ ಕೂಗುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆ ತೋರಿಸುತ್ತಾರೆ. ಅದಕ್ಕೇ ತಾನೇ ಅವರಿಗೆ ಯಂತ್ರ ಕೊಟ್ಟಿರುವುದು. ಇಬ್ಬರು ಬಂದು ಬೋರ್ಡಣ್ಣನನ್ನು ಹಗ್ಗದ ಆಚೆ ಬಿಟ್ಟರು. ಅವನು ಕೈಯಲ್ಲೇ ಅಗೆಯಲು ಕೆಳಗೆ ಹೊರಟಾಗ ಪೊಲೀಸಿನವನು ಎಳೆದು ಕೂರಿಸಿದ.

ಎರಡು ಗಂಟೆ ಕಾಲ ಅವರು ಅಳತೆ ತಪ್ಪದೆ, ಸರಿಯಾದ ಜಾಗದಲ್ಲಿ ಅಗೆದರು. ಎರಡು ಮೀಟರ್ ಆಳದಲ್ಲಿ ಬರೀ ಬಂಡೆ ಸಿಕ್ಕಿತು.

ಆಗ ಪುಟ್ಟಿ ಬಂದಳು. ತಡವಾದದ್ದಕ್ಕೆ ಕಾರಣವಿತ್ತು. ಕಚೇರಿಯ ಡ್ರೋನಿನಿಂದ ಕುಸಿದ ಗುಡ್ಡವನ್ನು ಅಳೆದು, ಹಳೆಯ ಬಾಣಗಳನ್ನೇ ಕೆಳಕ್ಕೆ ಉದ್ದ ಮಾಡಿ, ಯಾವ ಸಾಲು ಎಲ್ಲಿಗೆ ಹೋಗಿರಬಹುದೆಂದು ಹುಡುಕಿ ತಂದಿದ್ದಳು. ಕಾಗದವನ್ನು ನಾಯಕನ ಕೈಗೆ ಕೊಟ್ಟಳು. ನಾಯಕ ಕಾಗದ ನೋಡಿದ, ಬಂಡೆ ನೋಡಿದ, ಹಗ್ಗದಾಚೆ ಕೂತಿದ್ದ ಬೋರ್ಡಣ್ಣನನ್ನು ನೋಡಿದ. "ಅವರನ್ನ ಬಿಡಿ," ಅಂದ.

ಬೋರ್ಡಣ್ಣ ಮೂವತ್ತೈದು ಮೀಟರ್ ಕೆಳಗೆ, ಐದು, ಆರನೇ ಸಾಲುಗಳ ಮೇಲೆ ಹಾದು ಬಂದು ನಾಲ್ಕನೇ ಸಾಲಿಗೆ ಒತ್ತಿಕೊಂಡು ನಿಂತಿದ್ದ ಮಣ್ಣಿನ ಗುಡ್ಡೆಯ ಹತ್ತಿರ ಹೋದ. ಗೋಡೆಗಳ ಬಣ್ಣ ನೋಡುತ್ತಾ ನೋಡುತ್ತಾ ಒಂದು ಕಡೆ ನಿಂತ. ತಿಳಿಹಸಿರು, ಅಕ್ಕನ ಮನೆಯ ಬಣ್ಣ. ಅಲ್ಲಿ ಅಗೆದರು. ಇಸ್ತ್ರಿ ಮೇಜಿನ ಕೆಳಗೆ ಅಕ್ಕ ಮೊಣಕಾಲು ಮಡಚಿ ಕೂತಿದ್ದಳು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಯಾರದೋ ಅಂಗಿಯನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಮೈ ಇನ್ನೂ ಬೆಚ್ಚಗಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ನುಂಗಲು ಇನ್ನೂ ಕಲಿತಿರಲಿಲ್ಲ. "ಜೀವ ಹೋಗಿ ಒಂದು ಗಂಟೆ ಆಗಿರ್ಬೇಕು ಅಷ್ಟೆ," ಅಂದುಬಿಟ್ಟರು.

ಆ ದಿನ ಮೂವತ್ತನಾಲ್ಕು ಜನ ಹೋದರು. ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಅದರಲ್ಲಿದ್ದರು. ಇಳಿದುಹೋಗಿದ್ದ ಹತ್ತೊಂಬತ್ತು ಸಂಸಾರದವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅವರು ಬೋರ್ಡಣ್ಣನನ್ನು ಕಂಡರೆ ಕೈ ಮುಗಿಯುತ್ತಾರೆ. ಅವನು ಬೇರೆ ದಾರಿ ಹಿಡಿಯುತ್ತಾನೆ.

ತನಿಖೆ ಏಳು ತಿಂಗಳು ನಡೆಯಿತು. ಪುಟ್ಟಿ ಹೋಗಿ, ಆ ಮೂರು ಸಾಲುಗಳನ್ನು ಹೊಂದಿಸಿದ್ದು ತಾನೇ ಎಂದು ಯಾರೂ ಕೇಳುವ ಮೊದಲೇ ಹೇಳಿದಳು. ವರದಿಯಲ್ಲಿ ಅವಳ ತಪ್ಪೂ ಇರಲಿಲ್ಲ, ಸಾಹೇಬರ ತಪ್ಪೂ ಇರಲಿಲ್ಲ. ವ್ಯತ್ಯಾಸವು ಅನುಮತಿಸಿದ ಮಿತಿಯೊಳಗೇ ಇತ್ತು ಎಂದು ಬರೆದಿತ್ತು. ಸಾಹೇಬರು ಬೇರೆ ಊರಿಗೆ ವರ್ಗವಾಗಿ ಹೋದರು. ಅವಳು ಕೆಲಸ ಬಿಡಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ನಗು ಕಡಿಮೆಯಾಯಿತು.

ಭಾವ ಅವರ ಮನೆಯಲ್ಲೇ ಇದ್ದಾನೆ. ಬುದ್ಧಿ ಚುರುಕಾಗಿದೆ, ಅದೇ ಕಷ್ಟ. ಒಂದು ದಿನ ಬೋರ್ಡಣ್ಣ ಅವನಿಗೆ ಊಟ ಮಾಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ತಡೆದು, "ನನ್ನನ್ನ... ಯಾಕೆ... ಇಳಿಸ್ದೆ," ಎಂದು ಕೇಳಿದ. ಬೋರ್ಡಣ್ಣ ಬಟ್ಟೆಯಿಂದ ಅವನ ಗಲ್ಲ ಒರೆಸಿದ.

ಕಚೇರಿ ಹೊಸ ನಿಯಮ ಮಾಡಿತು. ಈಗ ಯಾವ ವ್ಯತ್ಯಾಸವನ್ನೂ ಮುಚ್ಚುವಂತಿಲ್ಲ. ಯಾರು ಬೇಕಾದರೂ ತಮ್ಮ ಬಾಗಿಲಿನ ಸಂಕೇತ ಒತ್ತಿ, ಮನೆ ಎಷ್ಟು ಸರಿದಿದೆ ಎಂದು ನೋಡಬಹುದು. ಮೊದಲ ಎರಡು ತಿಂಗಳು ಊರಿಗೆ ಊರೇ ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡಿತು. ಹೆಚ್ಚಿನವು ನಿಜವಾಗಿಯೂ ಯಂತ್ರದ ತಪ್ಪುಗಳೇ. ಇವತ್ತು ಎರಡು ಈ ಕಡೆ, ನಾಳೆ ಒಂದು ಆ ಕಡೆ. ಜನಕ್ಕೆ ಸಾಕಾಯಿತು. ನೋಡುವುದು ನಿಂತಿತು.

ಮನೆ ಕಳೆದುಕೊಂಡವರು ಗುಡ್ಡದ ಇನ್ನೊಂದು ಮಗ್ಗುಲಿಗೆ ಮನೆ ಕಟ್ಟಿಕೊಂಡಿದ್ದಾರೆ. ಈಗಾಗಲೇ ಆರು ಸಾಲಾಗಿದೆ. ಬೋರ್ಡಣ್ಣನಿಗೆ ಐವತ್ತೊಂಬತ್ತು. ಆರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಫಲಕ ನೋಡಿ, ಅಳತೆಯನ್ನು ಮನೆಯವರಿಗೆ ಹೇಳಿ, ಸಹಿ ಹಾಕಿಸಿಕೊಂಡು ಬರುವುದು ಅವನ ಕೆಲಸ. ಕಳೆದ ವಾರ ಐದನೇ ಸಾಲಿನಲ್ಲಿ ಒಬ್ಬ ಹೆಂಗಸು ಒಲೆಯ ಮೇಲೆ ಹಾಲಿಟ್ಟು ಅವಸರದಲ್ಲಿ ಬಾಗಿಲಿಗೆ ಬಂದಳು.

"ಎಷ್ಟಾಗಿದೆ ಅಣ್ಣಾ?"

"ಮೂರು. ಹೋದ ಸಲ ಎರಡಿತ್ತು. ಅದಕ್ಕೂ ಮುಂಚೆ ಒಂದು."

"ಅಕ್ಕಪಕ್ಕದವರದು?"

"ಎಲ್ಲರದೂ ಹಾಗೇ ಇದೆ, ತಾಯಿ. ಒಂದೇ ಕಡೆಗೆ. ಸ್ವಲ್ಪ ದಿನ ಬೇರೆಲ್ಲಾದ್ರೂ ಇರೋಕಾಗುತ್ತಾ ನೋಡಿ."

"ಎಲ್ಲರದೂ ಹಾಗೇ ಇದೆ ಅಂದ್ರೆ ಸರಿ ಬಿಡಿ," ಅಂದಳು ಅವಳು, ಹಾಲು ಉಕ್ಕೀತೆಂದು ಒಳಗೆ ಕಣ್ಣು ಹಾಯಿಸುತ್ತಾ. "ನಮ್ಮದೊಂದೇ ಏನೋ ಅಂತ ಭಯ ಆಗಿತ್ತು."

ಅವನ ಕೈಯಲ್ಲಿದ್ದ ಹಾಳೆಯಲ್ಲಿ ಅಳತೆಗೆ ಒಂದು ಖಾನೆ ಇತ್ತು, ದಿನಾಂಕಕ್ಕೆ ಒಂದು, ಮನೆಯವರ ಸಹಿಗೆ ಒಂದು. ಅವಳು ಸಹಿ ಹಾಕಿ ಒಳಗೆ ಓಡಿದಳು. ಅವನು ಪಕ್ಕದ ಮನೆಯ ಬಾಗಿಲು ತಟ್ಟಿದ.